ಸೀ ವ್ಯೂ ಬಿಟ್ಟು ಎರಡು ಬೀದಿ ಹಿಂದೆ ಸರಿದ ಕಥೆ

ವಿಯೆಟ್ನಾಂನ ಡಾ ನಾಂಗ್‌ನಲ್ಲಿ ಮೊದಲ ದಿನ ನನಗೆ ಎಚ್ಚರವಾದದ್ದು ಅಲೆಯ ಸದ್ದಿಗಲ್ಲ, ಪಕ್ಕದ ಸೈಟಿನಲ್ಲಿ ಕಬ್ಬಿಣ ಕೊಯ್ಯುವ ಮೆಷಿನ್ನಿನ ಸದ್ದಿಗೆ. ಆಗಿನ್ನೂ ಆರೂವರೆ. ಪರದೆ ಸರಿಸಿದರೆ ಎದುರಿಗೆ ಸಿಮೆಂಟ್ ಕಂಬಗಳು, ಮೇಲೆ ಹೆಲ್ಮೆಟ್ ಹಾಕಿಕೊಂಡ ಕೆಲಸಗಾರರು. ಬಾಲ್ಕನಿಯ ಮೂಲೆಗೆ ಹೋಗಿ ಕುತ್ತಿಗೆ ಹೊರಳಿಸಿದರೆ ಬಲಗಡೆ ಅಂಗೈಯಗಲ ನೀಲಿ. ನಾವು ಜಾಸ್ತಿ ದುಡ್ಡು ಕೊಟ್ಟು ಕೊಂಡ ‘ಸೀ ವ್ಯೂ’ ಅದೇ. ಅಮ್ಮ ಹಿಂದೆ ಬಂದು ನಿಂತು, "ಇದನ್ನ ನೋಡೋಕೆ ಇಷ್ಟು ದೂರ ಬಂದ್ವೇನೇ?" ಎಂದರು.

ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ಬುಕ್ ಮಾಡುವಾಗ ‘ಪಾರ್ಶಿಯಲ್ ಸೀ ವ್ಯೂ’ ಅಂತಲೇ ಇತ್ತು. ಮೊದಲನೇ ಪದವನ್ನು ನಾನೇ ಓದಿಕೊಳ್ಳಲಿಲ್ಲ.

ನಾವು ಹೋದದ್ದು ನಾಲ್ಕು ಜನ. ನಾನು, ನಮ್ಮವರು, 9 ವರ್ಷದ ಮಗ, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು. ಮೊಟ್ಟೆ ಕೂಡ ಮುಟ್ಟುವುದಿಲ್ಲ. ಒಂದು ತಿಂಗಳು ಕೂತು ಸ್ಟಾರು, ಸ್ವಿಮ್ಮಿಂಗ್ ಪೂಲು, ಫೋಟೋ, ರೇಟು ಎಲ್ಲವನ್ನೂ ಎಕ್ಸೆಲ್ ಶೀಟಿಗೆ ಹಾಕಿದ್ದೆ. ಅಮ್ಮನ ಮಂಡಿಗೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಒಂದು ವಿಷಯ ಸರಿ ಮಾಡಿದ್ದೆ, ಅದು ತಿಂಗಳು. ಮೊದಲು ಅಂದುಕೊಂಡದ್ದು ದಸರಾ ರಜೆಗೆ ಹೋಗೋಣ ಅಂತ. ನಮಗೆ ಅಕ್ಟೋಬರ್ ಅಂದರೆ ಮಳೆ ಹಿಂದೆ ಸರಿಯುವ ಕಾಲ. ಆದರೆ ವಿಯೆಟ್ನಾಂನ ಮಧ್ಯ ಕರಾವಳಿಗೆ ಜೋರು ಮಳೆ ಬರುವುದೇ ಅಕ್ಟೋಬರ್, ನವೆಂಬರ್‌ನಲ್ಲಿ. ನಮ್ಮ ಚೆನ್ನೈ ಕಡೆಯ ಹಿಂಗಾರಿನ ಹಾಗೆ ಅಂತಿಟ್ಟುಕೊಳ್ಳಿ. ಜೊತೆಗೆ ಚಂಡಮಾರುತ. ಡಾ ನಾಂಗ್ ಹತ್ತಿರದ ಹೊಯ್ ಆನ್ ಎಂಬ ಊರಿನ ಹಳೇ ಪೇಟೆಯ ಬೀದಿಗಳಲ್ಲಿ ದೋಣಿ ಓಡಾಡುವ ಫೋಟೋ ನೋಡಿದ್ದರೆ ಅದು ಹೆಚ್ಚಾಗಿ ಈ ಎರಡು ತಿಂಗಳದ್ದೇ. ಅದಕ್ಕೇ ಬೇಸಿಗೆ ರಜೆಗೆ ತಳ್ಳಿದೆ. ಅದರಲ್ಲೂ ಏಪ್ರಿಲ್ ಮಧ್ಯದೊಳಗೆ ವಾಪಸ್ ಬರುವ ಹಾಗೆ ನೋಡಿಕೊಂಡೆ. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ಸಾಲು ರಜೆ. ಆಗ ಇಡೀ ದೇಶವೇ ಬೀಚಿಗೆ ಬಂದು ಕೂರುತ್ತದೆ, ರೂಮಿನ ರೇಟೂ ಏರುತ್ತದೆ.

ಈಗ ಊರಿನ ನಕ್ಷೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಡಾ ನಾಂಗ್ ಮಧ್ಯೆ ಹಾನ್ ನದಿ ಹರಿಯುತ್ತದೆ. ನದಿಯ ಪಶ್ಚಿಮಕ್ಕೆ ಹಳೇ ಊರು, ಹಾನ್ ಮಾರ್ಕೆಟ್, ಏರ್‌ಪೋರ್ಟು. ಪೂರ್ವಕ್ಕೆ ಒಂದು ಉದ್ದ ಪಟ್ಟಿ, ಅದರಾಚೆ ಮಿ ಖೆ ಬೀಚು. ಉತ್ತರದ ತುದಿಯಲ್ಲಿ ಸೋನ್ ತ್ರಾ ಬೆಟ್ಟ, ಅದರ ಮೇಲೆ 67 ಮೀಟರ್ ಎತ್ತರದ ಬಿಳಿ ಬೋಧಿಸತ್ವ ದೇವಿಯ ಮೂರ್ತಿ. ದಕ್ಷಿಣಕ್ಕೆ ಹೋದರೆ ಐದು ಅಮೃತಶಿಲೆ ಗುಡ್ಡಗಳು, ಇನ್ನೂ ಮುಂದೆ ಹೋದರೆ ಹೊಯ್ ಆನ್. ಡಾ ನಾಂಗ್‌ನಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರ್.

ಬೀಚಿನ ಉದ್ದಕ್ಕೂ ಒಂದು ಅಗಲ ರಸ್ತೆ. ಹೆಸರು ವೊ ನ್ಯುಯೆನ್ ಜಾಪ್. 1954ರಲ್ಲಿ ದಿಯೆನ್ ಬಿಯೆನ್ ಫು ಎಂಬಲ್ಲಿ ಫ್ರೆಂಚರನ್ನು ಸೋಲಿಸಿದ ಜನರಲ್ ಇವರು. ಅವರ ಹೆಸರಿನ ರಸ್ತೆ ದಾಟುವುದೂ ಒಂದು ಯುದ್ಧವೇ. ಮಿ ಖೆಯಲ್ಲಿ ‘ಬೀಚ್ ಫ್ರಂಟ್’ ಅಂತ ಬರೆದುಕೊಳ್ಳುವ ಎತ್ತರದ ಹೋಟೆಲುಗಳಲ್ಲಿ ಬಹುಪಾಲು ಈ ರಸ್ತೆಯ ಊರ ಕಡೆಯ ಬದಿಯಲ್ಲಿವೆ. ಫೋಟೋದಲ್ಲಿ ಸಮುದ್ರ ಕಾಲ ಬುಡದಲ್ಲೇ ಇದ್ದಂತೆ ಕಾಣುತ್ತದೆ, ಡ್ರೋನು ರಸ್ತೆಯನ್ನು ನುಂಗಿಬಿಟ್ಟಿರುತ್ತದೆ. ಅಲ್ಲಿ ರಸ್ತೆ ದಾಟುವ ಕ್ರಮವೇ ಬೇರೆ. ಸ್ಕೂಟರುಗಳು ನಿಲ್ಲುವುದಿಲ್ಲ. ನೀವೂ ನಿಲ್ಲಬಾರದು, ಓಡಬಾರದು. ಒಂದೇ ಸಮ ಹೆಜ್ಜೆ ಹಾಕುತ್ತಾ ಹೋದರೆ ಅವರೇ ಸುತ್ತಿಕೊಂಡು ಹೋಗುತ್ತಾರೆ. ಮಗ ಒಂದೇ ದಿನಕ್ಕೆ ಕಲಿತ. ಅಮ್ಮ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿದ್ದರು. ಮೊದಲ ದಿನ ಎರಡು ಸಲ ದಾಟಿಸಿದ ಮೇಲೆ, "ನೀವು ಹೋಗಿ ಬನ್ನಿ, ನಾನು ರೂಮಲ್ಲೇ ಇರ್ತೀನಿ" ಎಂದರು. ಬೀಚಿಗೆ ಬಂದು ರೂಮಲ್ಲೇ ಇರುವುದಾದರೆ ಮೈಸೂರಿನಲ್ಲೇ ಇರಬಹುದಿತ್ತಲ್ವಾ?

ಪುಣ್ಯಕ್ಕೆ ಆ ಹೋಟೆಲನ್ನು ಎರಡೇ ರಾತ್ರಿಗೆ ಬುಕ್ ಮಾಡಿದ್ದೆ. ಇದು ನನ್ನ ಹಳೇ ಅಭ್ಯಾಸ. ಎಷ್ಟೇ ಒಳ್ಳೆ ರೇಟು ಸಿಕ್ಕಿದರೂ ಹೊಸ ಊರಲ್ಲಿ ಮೊದಲಿಗೆ ಎರಡು ರಾತ್ರಿಗಿಂತ ಜಾಸ್ತಿ ಹಣ ಕಟ್ಟುವುದಿಲ್ಲ. ಮುಂದಿನ ರಾತ್ರಿಗಳಿಗೆ ಹಿಂದಿನ ದಿನದವರೆಗೂ ರದ್ದು ಮಾಡಬಹುದಾದ ಇನ್ನೊಂದು ರೂಮು ಹಿಡಿದಿಟ್ಟಿರುತ್ತೇನೆ. ಸ್ವಲ್ಪ ದುಬಾರಿಯೇ. ಆದರೂ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ.

ಹಿಡಿದಿಟ್ಟಿದ್ದ ರೂಮನ್ನೂ ಕೊನೆಗೆ ರದ್ದು ಮಾಡಿದೆ, ಯಾಕೆಂದರೆ ಅದೂ ಅದೇ ರಸ್ತೆಯಲ್ಲಿತ್ತು. ಎರಡನೇ ದಿನ ಮಧ್ಯಾಹ್ನ ನಮ್ಮವರನ್ನೂ ಮಗನನ್ನೂ ಪೂಲಿಗೆ ಬಿಟ್ಟು ನಾನೊಬ್ಬಳೇ ಹೊರಟೆ. ಬೀಚ್ ರಸ್ತೆಯ ಹಿಂದೆಯೇ ಆನ್ ಥುವಾಂಗ್ ಅಂತ ಒಂದು ಬಡಾವಣೆ ಇದೆ. ಸಣ್ಣ ಸಣ್ಣ ಬೀದಿಗಳು, ಎಲ್ಲದಕ್ಕೂ ಆನ್ ಥುವಾಂಗ್ ಅಂತಲೇ ಹೆಸರು, ಜೊತೆಗೊಂದು ನಂಬರು. ಕಾಫಿ ಅಂಗಡಿ, ಲಾಂಡ್ರಿ, ಮಸಾಜ್, ಕೊರಿಯಾ ಊಟ, ನಮ್ಮ ಇಂಡಿಯನ್ ಹೋಟೆಲುಗಳು ಕೂಡ. ಕಟ್ಟಡಗಳು ಅಲ್ಲಿಯ ರೂಢಿಯಂತೆ ಮುಂದೆ ಕಿರಿದು, ಹಿಂದಕ್ಕೆ ಉದ್ದ, ಐದಾರು ಮಹಡಿ. ಕೆಲವಕ್ಕೆ ಲಿಫ್ಟ್ ಇಲ್ಲ. ಇನ್ನೊಂದು ಸಂಗತಿ ನನಗೆ ಹೊಸದು. ಕಡಿಮೆ ರೇಟಿನ ಎಷ್ಟೋ ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ. ಫೋಟೋದಲ್ಲಿ ಪರದೆ ಇಳಿಬಿಟ್ಟಿರುತ್ತಾರೆ, ಸರಿಸಿದರೆ ಗೋಡೆ! ವಿವರದಲ್ಲಿ ಹುಡುಕಿದರೆ ‘ನೋ ವಿಂಡೋ’ ಅಂತ ಸಣ್ಣದಾಗಿ ಬರೆದಿರುತ್ತದೆ.

ಮೂರು ಕಡೆ ಒಳಗೆ ಹೋಗಿ ರೂಮು ತೋರಿಸಿ ಎಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ನೋಡಿದ್ದು ಇಷ್ಟೇ: ಲಿಫ್ಟ್ ಇದೆಯಾ, ಕಿಟಕಿ ತೆಗೆಯಬಹುದಾ, ಅಕ್ಕಪಕ್ಕ ಖಾಲಿ ಸೈಟ್ ಇದೆಯಾ. ಈ ಮೂರನೆಯದು ಮುಖ್ಯ. ಡಾ ನಾಂಗ್‌ನಲ್ಲಿ ಖಾಲಿ ಸೈಟ್ ಅಂದರೆ ನಾಳೆ ಬೆಳಗ್ಗೆ ಆರೂವರೆಗೆ ಮೆಷಿನ್ ಶುರು ಅಂತ ಅರ್ಥ. ರಾತ್ರಿ ಎಂಟೂವರೆಗೆ ಇವರನ್ನು ಕರೆದುಕೊಂಡು ಮತ್ತೆ ಅದೇ ಬೀದಿಗಳಿಗೆ ಹೋದೆ. ಹಗಲಿನಲ್ಲಿ ಸಪ್ಪಗಿದ್ದ ಒಂದು ಬೀದಿಯ ತುಂಬ ಈಗ ಬಾರ್, ಜೋರು ಸಂಗೀತ. ಅದರ ಮುಂದಿನ ಅಡ್ಡಬೀದಿಯಲ್ಲಿ ಮನೆಯವರು ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು, ಒಂದು ಅಜ್ಜಿ ಮೊಮ್ಮಗುವಿಗೆ ಊಟ ಮಾಡಿಸುತ್ತಿತ್ತು. ಅಲ್ಲಿಗೇ ಹೋದೆವು.

ಎರಡು ಕೋಣೆ, ಮೂಲೆಯಲ್ಲಿ ಇಂಡಕ್ಷನ್ ಒಲೆ, ಸಣ್ಣ ಫ್ರಿಜ್ಜು. ರಾತ್ರಿಗೆ 9 ಲಕ್ಷ ಡಾಂಗ್. ಲಕ್ಷ ಅಂದಾಕ್ಷಣ ಗಾಬರಿ ಬೇಡ, ನಮ್ಮ 3,000 ರೂಪಾಯಿಯ ಲೆಕ್ಕ. ಹಿಂದಿನ ಹೋಟೆಲಿನಲ್ಲಿ ಎರಡು ರೂಮಿಗೆ ಇದರ ಮೂರು ಪಟ್ಟು ಕೊಟ್ಟಿದ್ದೆವು. ಸಮುದ್ರ ಕಾಣುವುದಿಲ್ಲ. ಆದರೆ ಆ ಬೀದಿಯ ತುದಿಗೆ ಸಿಗ್ನಲ್ ಇತ್ತು. ಹಸಿರು ದೀಪ ನೋಡಿಕೊಂಡು ಅಮ್ಮ ಒಬ್ಬರೇ ದಾಟತೊಡಗಿದರು, ಹಾಗೆ ಹೋದರೆ ಬೀಚಿಗೆ ಆರು ನಿಮಿಷ. ಟಾಯ್ಲೆಟ್ಟಿನಲ್ಲಿ ಕೈ ಪೈಪು ಇತ್ತು. ವಿಯೆಟ್ನಾಂನಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ನಮ್ಮ ದೇಶದವರಿಗೆ ಇದೆಷ್ಟು ದೊಡ್ಡ ಸಮಾಧಾನ ಅಂತ ಬಿಡಿಸಿ ಹೇಳಬೇಕಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿ ಸೀ ವ್ಯೂ ಅಷ್ಟೊಂದು ಬೇಕಾಗುವುದೂ ಇಲ್ಲ. ಮಲ್ಪೆ, ಗೋಕರ್ಣದ ಲೆಕ್ಕದಲ್ಲಿ ನಾವು ಸಮುದ್ರ ಅಂದರೆ ಸೂರ್ಯ ಮುಳುಗುವ ಜಾಗ ಅಂದುಕೊಂಡಿರುತ್ತೇವೆ. ಮಿ ಖೆ ಇರುವುದು ಪೂರ್ವಕ್ಕೆ. ಸೂರ್ಯ ಸಮುದ್ರದಿಂದ ಏಳುತ್ತಾನೆ, ಅದೂ ಏಪ್ರಿಲ್‌ನಲ್ಲಿ ಐದೂವರೆ ಆಸುಪಾಸಿಗೆ. ಪೂರ್ವಕ್ಕೆ ದೊಡ್ಡ ಗಾಜು ಇರುವ ರೂಮು ತಗೊಂಡರೆ ಆಗಲೇ ಮುಖಕ್ಕೆ ಬಿಸಿಲು. ಊರವರು ಅಷ್ಟು ಹೊತ್ತಿಗೆಲ್ಲ ನೀರಿನಲ್ಲಿರುತ್ತಾರೆ. ಅಜ್ಜ ಅಜ್ಜಿಯರು ಸೊಂಟದ ತನಕ ನೀರಲ್ಲಿ ನಿಂತು ಹರಟೆ ಹೊಡೆಯುತ್ತಾರೆ. ಎಂಟು ಗಂಟೆಗೆ ಬೀಚು ಖಾಲಿ. ಸಂಜೆ ನಾಲ್ಕರ ಮೇಲೆ ಪಶ್ಚಿಮದ ಎತ್ತರದ ಹೋಟೆಲುಗಳ ನೆರಳು ಮರಳಿನ ಮೇಲೆ ಬಿದ್ದ ಮೇಲೆ ಮತ್ತೆ ಜನ. ನಡುವಿನ ಹೊತ್ತಿನಲ್ಲಿ ನಾವೂ ಬೇರೆಲ್ಲೋ ಸುತ್ತುತ್ತಿರುತ್ತೇವೆ. ಆ ರೂಮಿನಿಂದ ಸಮುದ್ರ ನೋಡುವವರು ಯಾರು?

ಹಾಗಂತ ಎಲ್ಲರೂ ಆನ್ ಥುವಾಂಗ್‌ಗೇ ಹೋಗಿ ಎನ್ನುವುದಿಲ್ಲ. ರಸ್ತೆಯೇ ಅಡ್ಡ ಬರದೆ ಬಾಗಿಲಿನಿಂದ ಮರಳಿಗೆ ಇಳಿಯಬೇಕೆಂದರೆ ದಕ್ಷಿಣದ ನೋನ್ ನುವಕ್ ಕಡೆಯ ದೊಡ್ಡ ರೆಸಾರ್ಟುಗಳಿವೆ. ಜಾಗ ಚೆಂದ, ಮಕ್ಕಳಿಗೆ ಸ್ವರ್ಗ. ಆದರೆ ಗೇಟಿನ ಹೊರಗೆ ಕಾಲ್ನಡಿಗೆಯಲ್ಲಿ ಏನೂ ಸಿಗುವುದು ಕಷ್ಟ. ಮೂರು ಹೊತ್ತೂ ಅವರ ರೇಟಿಗೇ ಊಟ, ಹೊರಗೆ ಹೋದರೆ ನಮ್ಮ ಓಲಾದಂಥ ಗ್ರ್ಯಾಬ್ ಕಾರು. ಹೊಸದಾಗಿ ಮದುವೆಯಾದವರಿಗೆ ಸರಿ. ನದಿ ದಂಡೆಯ ಹಳೇ ಊರೂ ಅಗ್ಗ, ವಾರದ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೆ ಬೆಂಕಿ ಉಗುಳುವ ಡ್ರ್ಯಾಗನ್ ಸೇತುವೆ ಹತ್ತಿರ. ಆದರೆ ಬೀಚಿಗೆ ಪ್ರತಿ ಸಲ ಸೇತುವೆ ದಾಟಿ ಬರಬೇಕು. ಒಂದೆರಡು ದಿನವಾದ ಮೇಲೆ ಬೀಚೇ ಬೇಡ ಅನ್ನಿಸಿಬಿಡುತ್ತದೆ.

ಊಟದ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಮೊದಲ ಹೋಟೆಲಿನಲ್ಲಿ ಬ್ರೇಕ್‌ಫಾಸ್ಟ್ ಸೇರಿಸಿ ದುಡ್ಡು ಕಟ್ಟಿದ್ದೆ. ಉದ್ದಕ್ಕೆ ಇಪ್ಪತ್ತು ಪಾತ್ರೆ, ಅಮ್ಮ ತಿಂದದ್ದು ಕಲ್ಲಂಗಡಿ ಮತ್ತು ಬ್ರೆಡ್ಡು. ತರಕಾರಿ ಪಲ್ಯದಂತೆ ಕಂಡದ್ದರಲ್ಲೂ ನುವಕ್ ಮಾಮ್, ಅಂದರೆ ಮೀನಿನ ಸಾಸು. ಅಲ್ಲಿ ‘ವೆಜ್’ ಅಂದರೆ ಕೆಲವರಿಗೆ ಮಾಂಸದ ತುಂಡು ಇಲ್ಲ ಅಂತಷ್ಟೇ ಅರ್ಥ. ಕೇಳಬೇಕಾದ ಪದ ‘ಚಾಯ್’. ಬೌದ್ಧರು ತಿನ್ನುವ ಶುದ್ಧ ಸಸ್ಯಾಹಾರ ಅದು. ‘ಕ್ವಾನ್ ಚಾಯ್’ ಎಂಬ ಬೋರ್ಡ್ ನೋಡಿ ಅಮ್ಮ, "ಅಬ್ಬ, ಟೀ ಅಂಗಡಿ ಸಿಕ್ತು" ಅಂತ ಖುಷಿಯಾಗಿ ಒಳಗೆ ನುಗ್ಗಿದರು. ಟೀ ಸಿಗಲಿಲ್ಲ, ಹೊಟ್ಟೆ ತುಂಬ ಅನ್ನ, ತೋಫು, ಅಣಬೆ ಸಿಕ್ಕಿತು. ಚಾಂದ್ರಮಾನದ ತಿಂಗಳಲ್ಲಿ 1ನೇ ಮತ್ತು 15ನೇ ದಿನ ಅಲ್ಲಿ ಬಹಳ ಜನ ಚಾಯ್ ತಿನ್ನುತ್ತಾರೆ ಅಂತ ಅಂಗಡಿಯಾಕೆ ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿದಳು. "ನಮ್ಮ ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ" ಅಂತ ಅಮ್ಮನಿಗೆ ಕೂಡಲೇ ಹೊಳೆಯಿತು. ಆಮೇಲೆ ರೂಮು ನೋಡುವಾಗಲೆಲ್ಲ ಮ್ಯಾಪಿನಲ್ಲಿ ‘ಚಾಯ್’ ಅಂತ ಹುಡುಕಿ, ನಡೆಯುವಷ್ಟು ದೂರದಲ್ಲಿ ಎಷ್ಟಿವೆ ಅಂತ ಎಣಿಸುವುದೇ ನನ್ನ ಮೊದಲ ಕೆಲಸವಾಯಿತು. ಬೆಳಗ್ಗೆ ಇಂಡಕ್ಷನ್ ಒಲೆ ಮೇಲೆ ನಾವು ತಂದಿದ್ದ ರವೆ, ಅವಲಕ್ಕಿ ಸಾಕಾಯಿತು.

ಹೊಯ್ ಆನ್‌ನಲ್ಲಿ ಮೂರು ರಾತ್ರಿ. ಇಲ್ಲಿ ಹುಷಾರಾಗಿದ್ದೆ. ಹಳೇ ಪೇಟೆ 1999ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಳಗಿನ ಬೀದಿಗಳಿಗೆ ದಿನದ ಬಹುಪಾಲು ಹೊತ್ತು ಕಾರು, ಸ್ಕೂಟರು ಬಿಡುವುದಿಲ್ಲ. ಒಳಗೇ ರೂಮು ಮಾಡಿದರೆ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಕು, ರಾತ್ರಿ ಲಾಟೀನು ನೋಡಲು ಬರುವ ಜನಜಾತ್ರೆ ಬೇರೆ. ಸಮುದ್ರದ ಕಡೆಗೆ ಕುವಾ ಡಾಯ್ ಮತ್ತು ಆನ್ ಬಾಂಗ್ ಅಂತ ಎರಡು ಬೀಚು. ಕುವಾ ಡಾಯ್‌ನ ಒಂದು ಹೋಟೆಲು ನನಗೆ ತುಂಬ ಹಿಡಿಸಿತ್ತು, ಮುಂದೆ ವಿಶಾಲ ಮರಳು. ಅತಿಥಿಗಳು ಹಾಕಿದ ಫೋಟೋಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ ನೋಡಿದಾಗ ವಿಷಯ ಬಯಲಾಯಿತು. ಹೊಸ ಫೋಟೋದಲ್ಲಿ ಮರಳಿನ ಬದಲು ಮರಳಿನ ಚೀಲಗಳು. ಕುವಾ ಡಾಯ್ ವರ್ಷಗಳಿಂದ ಕೊರೆದು ಹೋಗುತ್ತಿದೆ. ನಮ್ಮ ಉಳ್ಳಾಲದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ಊರಿಗೂ ಆನ್ ಬಾಂಗ್ ಬೀಚಿಗೂ ನಡುವೆ, ಗದ್ದೆ ಬಯಲಿನಲ್ಲಿ ಒಂದು ಹೋಮ್‌ಸ್ಟೇ ಹಿಡಿದೆ. ನೆಲಮಹಡಿಯ ರೂಮೇ ಬೇಕು ಅಂತ ಮೊದಲೇ ಮೆಸೇಜ್ ಹಾಕಿದ್ದೆ. ಎರಡೂ ಕಡೆಗೆ ಎರಡೆರಡು ಕಿಲೋಮೀಟರ್, ಸೈಕಲ್ಲು ಪುಕ್ಕಟೆ. ನಾವು ಮೂವರೂ ಸೈಕಲ್ಲು, ಅಮ್ಮನಿಗೆ ಗ್ರ್ಯಾಬ್. ಏಪ್ರಿಲ್ ಆದ್ದರಿಂದ ಭತ್ತ ಹಣ್ಣಾಗುತ್ತಿತ್ತು. ಮಂಡ್ಯ ಕಡೆ ಹುಟ್ಟಿ ಬೆಳೆದ ಅಮ್ಮ ಬದುವಿನ ಮೇಲೆ ನಿಂತು ತೆನೆ ಹಿಡಿದು ನೋಡಿ, "ಕಾಳು ಗಟ್ಟಿ ಐತೆ" ಅಂತ ಮನೆಯೊಡತಿಗೆ ಕನ್ನಡದಲ್ಲೇ ಹೇಳಿದರು. ಆಕೆ ಏನೋ ವಿಯೆಟ್ನಾಮೀಸಿನಲ್ಲಿ ಉತ್ತರಿಸಿದಳು. ಹತ್ತು ನಿಮಿಷ ಇಬ್ಬರೂ ಹಾಗೇ ಮಾತಾಡಿದರು.

ಅಲ್ಲಿಂದ ಮಿ ಸೋನ್‌ಗೂ ಹೋಗಿ ಬಂದೆವು. ಹಿಂದೆ ಈ ಭಾಗವನ್ನು ಆಳಿದ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು, ಶಿವನ ಹೆಸರು ಭದ್ರೇಶ್ವರ. ನಮ್ಮ ಪುರಾತತ್ವ ಇಲಾಖೆಯವರೂ ಅಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ. ಅಮ್ಮ ಪಾಣಿಪೀಠದ ಮುಂದೆ ಚಪ್ಪಲಿ ಬಿಚ್ಚಿ ನಿಂತರು. ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವಾಗುತ್ತದೆ.

ಚಿಲ್ಲರೆ ವಿಷಯ ಎರಡು. ಇ-ವೀಸಾಗೆ ತಲೆಗೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ, ರಾತ್ರಿ ಹೊತ್ತು ಸೊನ್ನೆ ಎಣಿಸಿಯೇ ಕೊಡಿ. ನಮ್ಮವರು ಒಂದು ಎಳನೀರಿಗೆ ದೊಡ್ಡ ನೋಟು ಕೊಟ್ಟು ಹೊರಟೇಬಿಟ್ಟಿದ್ದರು, ಆ ಹೆಂಗಸೇ ಓಡಿ ಬಂದು ವಾಪಸ್ ಕೊಟ್ಟಳು.

ಈಗ ತಂಗಿಗೂ ಹೋಗುವ ಆಸೆ ಹುಟ್ಟಿದೆ. ಮೊನ್ನೆ ಫೋನ್ ಮಾಡಿ, "ಅಕ್ಕ, ದಸರಾಗೆ ಡಾ ನಾಂಗ್ ಬುಕ್ ಮಾಡ್ಲಾ? ನನಗೆ ಸೀ ವ್ಯೂ ರೂಮೇ ಬೇಕು, ಸನ್‌ಸೆಟ್ ಕಾಣಬೇಕು" ಎಂದಳು. ಬೇಡ ಕಣೇ, ಕ್ರಿಸ್ಮಸ್ ರಜೆಗೆ ಫು ಕ್ವಾಕ್ ನೋಡು ಎಂದೆ. ಅದು ದೇಶದ ದಕ್ಷಿಣ ತುದಿಯ ದ್ವೀಪ. ಅಲ್ಲಿ ಮಳೆಗಾಲ ನಮ್ಮ ಕರಾವಳಿಯ ಹಾಗೆ, ಡಿಸೆಂಬರ್ ಅಂದರೆ ಒಣ ಹವೆ. ನೇರ ದ್ವೀಪಕ್ಕೇ ವಿಮಾನದಲ್ಲಿ ಇಳಿದು ಅಲ್ಲೇ ಇರುವುದಾದರೆ 30 ದಿನದವರೆಗೆ ವೀಸಾ ಕೂಡ ಬೇಡ. ಅಲ್ಲಿಯ ಉದ್ದನೆಯ ಬೀಚು ಇರುವುದು ಪಶ್ಚಿಮಕ್ಕೆ. ಸೀ ವ್ಯೂಗೆ ದುಡ್ಡು ಕೊಡುವುದಾದರೆ ಅಲ್ಲಿ ಕೊಡು ಎಂದೆ. "ಫುಲ್ ಸೀ ವ್ಯೂನಾ, ಪಾರ್ಶಿಯಲ್ಲಾ?" ಅಂತ ಅವಳೇ ಕೇಳಿದಳು. ಅಮ್ಮ ಆಗಲೇ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಾರೆ.