ದಾಸವಾಳದ ಕೆಂಪು ಕಾಗದಕ್ಕೆ ಇಳಿದ ಬಗೆ

ಫೋಟೊ ಇಟ್ಟುಕೊಂಡು ಟ್ಯಾಬ್‌ನಲ್ಲಿ ಬರೆದ ಹೂವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಜಲವರ್ಣದಲ್ಲಿ ಕೈ ಪಳಗಿದ ಗೆಳೆಯರಂತೂ ‘ಅದು ನಕಲು ತೆಗೆಯುವ ಕೆಲಸ’ ಎಂದು ಮಾತು ಮುಗಿಸಿಬಿಟ್ಟಿದ್ದರು. ಕಳೆದ ಮಳೆಗಾಲದಿಂದ ಈಚೆಗೆ ನನ್ನ ದಾಸವಾಳಗಳು ಹೆಚ್ಚುಕಡಿಮೆ 70 ಪ್ರತಿ ಖರ್ಚಾಗಿವೆ. ಆ ಗೆಳೆಯರಲ್ಲಿ ಇಬ್ಬರು ತಾವೇ ಕೇಳಿ ಒಯ್ದಿದ್ದಾರೆ. ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ), ಮಾಸ್ಕ್ (ಪದರದ ಒಂದು ಭಾಗವನ್ನು ಮರೆಮಾಡುವ ಉಪಾಯ), ಬ್ರಶ್ ಎಲ್ಲ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್. ಪೆನ್ನು ಜೊತೆಗೇ ಬಂದದ್ದು. ಕೊಂಡಾಗ 28 ಸಾವಿರದ ಆಸುಪಾಸು. ಚಿತ್ರ ಬರೆಯುವುದು ಎ4 ಅಳತೆಯಲ್ಲಿ, 300 ಡಿಪಿಐಗೆ (ಇಂಚಿಗೆ 300 ಚುಕ್ಕೆ). ಇದಕ್ಕಿಂತ ದುಬಾರಿಯದು ಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮೊದಲ ತೊಡಕು ಫೋಟೊದಲ್ಲೇ ಇತ್ತು. ಕೆಂಪು ದಾಸವಾಳವನ್ನು ಮೊಬೈಲ್ ಬಿಸಿಲಿನಲ್ಲಿ ಹಿಡಿದರೆ ಕೆಂಪು ಉಕ್ಕಿ ಹರಿದು ಎಸಳಿನ ನರಗಳೆಲ್ಲ ಮುಚ್ಚಿಹೋಗುತ್ತವೆ. ಉಳಿಯುವುದು ಕುಂಕುಮ ಚೆಲ್ಲಿದಂಥ ಒಂದು ಕಲೆ. ಈಗ ಕಪ್ಪು ಕೊಡೆಯ ನೆರಳಿನಲ್ಲಿ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕು) ಒಂದು ಹಂತ ಇಳಿಸಿ ತೆಗೆಯುತ್ತೇನೆ. ಅದೇ ಫೋಟೊದ ಕಪ್ಪು–ಬಿಳುಪು ಪ್ರತಿಯೊಂದನ್ನು ಸ್ನ್ಯಾಪ್‌ಸೀಡ್ ಎಂಬ ಫೋಟೊ ಆ್ಯಪ್‌ನ ಹಸಿರು ಫಿಲ್ಟರ್ ಹಾಕಿ ಮಾಡಿಕೊಳ್ಳುತ್ತೇನೆ. ಬಣ್ಣದ ಫೋಟೊದಲ್ಲಿ ಕಾಣದ ನರಗಳು ಅದರಲ್ಲಿ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಗೆರೆ ಎಳೆಯುವುದು ಇದರ ಮೇಲೆ, ಬಣ್ಣದ ಫೋಟೊದ ಮೇಲಲ್ಲ.

ಹತ್ತಿರ ಹೋಗಿ ತೆಗೆಯುವ ಚಪಲವನ್ನೂ ಬಿಡಬೇಕು. ನಡುವಿನ ಕೇಸರದ ಕೋಲು ನಮ್ಮ ಕಡೆಗೇ ಚಾಚಿಕೊಂಡಿರುವುದರಿಂದ ಅದು ದಪ್ಪಗಾಗಿ, ಎಸಳುಗಳು ಹಿಂದೆ ಕುಗ್ಗಿದಂತೆ ಕಾಣುತ್ತವೆ. ಎರಡು ಅಡಿ ದೂರ ನಿಂತು ಜೂಮ್ ಮಾಡುತ್ತೇನೆ. ಎಸಳಿಗೊಂದು, ಕೋಲಿಗೊಂದು, ತುದಿಯ ಐದು ಶಲಾಕಾಗ್ರಗಳಿಗೊಂದು (ಪರಾಗ ಅಂಟುವ ಪುಟ್ಟ ಗುಂಡುಗಳು), ತೊಟ್ಟಿನ ಹಿಂಬದಿಗೊಂದು ಫೋಟೊ ಬೇಕೇ ಬೇಕು. ಹೂವಿನ ಆಯುಷ್ಯ ಒಂದೇ ಹಗಲು. ನಮ್ಮ ಮನೆಯಲ್ಲಿ ಅಷ್ಟೂ ಇಲ್ಲ, ಅತ್ತೆಯವರು ಪೂಜೆಗೆ ಕೊಯ್ಯುವ ಮೊದಲೇ ನನ್ನ ಕೆಲಸ ಆಗಿರಬೇಕು.

ಈ ಹೂವಿನ ಐದು ಎಸಳುಗಳಲ್ಲಿ ಪ್ರತಿಯೊಂದರ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ ಇರುತ್ತದೆ. ಎಸಳಿಗೊಂದು ಲೇಯರ್ ಮಾಡಿ ಒಂದರ ಮೇಲೊಂದು ಪೇರಿಸಿದರೆ ಐದನೆಯದು ಎಲ್ಲಿಟ್ಟರೂ ತಪ್ಪೇ. ಕಡೆಯ ಎಸಳಿಗೆ ಮಾಸ್ಕ್ ಹಾಕಿ, ಅದರ ಒಂದು ಅಂಚನ್ನು ಮೊದಲ ಎಸಳಿನ ಅಡಿಗೆ ತೂರಿಸಬೇಕು. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ದಾಸವಾಳದ ಚಿತ್ರಗಳಲ್ಲಿ ಒಂದು ಎಸಳು ಎಲ್ಲಕ್ಕೂ ಮೇಲೆ ಕುಳಿತಿರುತ್ತದೆ; ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ. ಎಸಳುಗಳು ಸುತ್ತುವ ದಿಕ್ಕೂ ಒಂದೇ ಗಿಡದಲ್ಲಿ ಎರಡು ಬಗೆ ಇರುವುದರಿಂದ, ಬೇರೆ ಹೂವಿನ ಫೋಟೊ ಬೆರೆಸುವಾಗ ಅದನ್ನು ನೋಡಿಕೊಳ್ಳಬೇಕು.

ದುಡ್ಡು ನೀರಿನಂತೆ ಹೋದದ್ದು ಮುದ್ರಣದಲ್ಲಿ. ಪರದೆಯ ಮೇಲೆ ಉರಿಯುತ್ತಿದ್ದ ಕೆಂಪು ಕಾಗದದ ಮೇಲೆ ಇಟ್ಟಿಗೆ ಬಣ್ಣವಾಗಿ ಬಂತು, ಎಲೆಗಳು ಕಪ್ಪಿಟ್ಟವು. ಮೊದಲ ಕಂತಿನ 40 ಪ್ರತಿಗಳಿಗೆ ಸುಮಾರು 6 ಸಾವಿರ ಕೊಟ್ಟಿದ್ದೆ, ಒಂದೂ ಮಾರಲಿಲ್ಲ. ಮುದ್ರಣಾಲಯದವರು ‘ಮೇಡಂ, ಕೆಂಪು ಇಷ್ಟೇ ಬರುವುದು’ ಎಂದರು. ಬೇರೆ ಕಡೆ ಹೋದೆ, ಅಲ್ಲಿಯೂ ಅದೇ ಉತ್ತರ. ಪ್ರತಿ ಸಲವೂ ಪರದೆಯಲ್ಲಿ ಕೆಂಪನ್ನು ಇನ್ನಷ್ಟು ಏರಿಸಿ ಕೊಡುತ್ತಿದ್ದೆ, ಕಾಗದದಲ್ಲಿ ಮಾತ್ರ ಅದು ಮಿಸುಕಲಿಲ್ಲ. ಶಾಯಿಗೆ ಎಟುಕದ ಬಣ್ಣವನ್ನು ಎಷ್ಟು ಏರಿಸಿದರೂ ಅಷ್ಟೇ.

ಆಗ ಕೆಲಸವನ್ನು ತಲೆಕೆಳಗು ಮಾಡಿದೆ. ಒಂದು ಹಾಳೆಯ ತುಂಬ ಸುಮಾರು 200 ಚಿಕ್ಕ ಚೌಕಗಳು: ಕೆಂಪು, ಗುಲಾಬಿ, ನೇರಳೆ, ಹಸಿರು, ಪ್ರತಿಯೊಂದಕ್ಕೂ ನಂಬರ್. ಚಿತ್ರಕ್ಕೆ ಬಳಸುವ ಕಾಗದದಲ್ಲೇ, ಅದೇ ಯಂತ್ರದಲ್ಲೇ ಅದನ್ನು ಮುದ್ರಿಸಿದೆ. ಬೆಳಗಿನ ಬೆಳಕಿನಲ್ಲಿ ಜಗಲಿಯ ಮೇಲೆ ಹಾಳೆ ಹರಡಿ, ಹೂವನ್ನು ಪಕ್ಕಕ್ಕಿಟ್ಟು, ಎಸಳಿನ ಬುಡಕ್ಕೆ ಈ ನಂಬರ್, ಅಂಚಿಗೆ ಆ ನಂಬರ್ ಎಂದು ಗುರುತು ಮಾಡಿಕೊಂಡೆ. ಪರದೆಯಲ್ಲಿ ಆ ಬಣ್ಣ ಹೇಗಾದರೂ ಕಾಣಲಿ, ಅದನ್ನೇ ಹಾಕಿದೆ. ಚಿತ್ರ ಟ್ಯಾಬ್‌ನಲ್ಲಿ ಸಪ್ಪೆಯಾಗಿತ್ತು, ಮನೆಯವರು ಹಿಂದಿನದೇ ಚೆನ್ನಾಗಿತ್ತು ಎಂದರು. ಮುದ್ರಣವಾಗಿ ಬಂದಾಗ ಯಾರೂ ಮಾತಾಡಲಿಲ್ಲ. ಕೆಂಪು ಜೀವಂತವಾಗಿತ್ತು, ಏಕೆಂದರೆ ಸುತ್ತಲಿನ ಹಸಿರನ್ನು ಬೂದಿಯ ಕಡೆಗೆ ಎಳೆದಿದ್ದೆ. ಎಷ್ಟು ಎಳೆಯಬೇಕು, ಎಲ್ಲಿ ಎಳೆಯಬಾರದು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಸಳಿನ ರೇಶಿಮೆ ಹೊಳಪಿಗೆ ನಾನು ಮಾಡಿಕೊಂಡ ಬ್ರಶ್ಶೂ ನನ್ನಲ್ಲೇ ಇರಲಿ.

ಇದೇ ಬಣ್ಣದ ಪಟ್ಟಿ ಹಿಡಿದು ಗೌರಿ ಹೂವನ್ನೂ (ಅಗ್ನಿಶಿಖೆ) ಬರೆದೆ. ಅದು ಹಳದಿ–ಹಸಿರಾಗಿ ಅರಳಿ ದಿನ ಕಳೆದಂತೆ ಕೆಂಪಿಗೆ ತಿರುಗುತ್ತದೆ. ಒಂದೇ ಹೂವಿನ ಬೇರೆ ಬೇರೆ ದಿನಗಳ ಫೋಟೊ ಸೇರಿಸಿ ಒಂದೇ ಬಳ್ಳಿಯಲ್ಲಿ ಇಟ್ಟೆ. ಜನ ಅದನ್ನೂ ಕೇಳುತ್ತಿದ್ದಾರೆ. ಮಲ್ಲಿಗೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬಿಳಿ ಕಾಗದದ ಮೇಲೆ ಬಿಳಿ ಹೂ ನಿಲ್ಲಿಸಲು ನೆರಳಿಗೆ ನೀಲಿ ಕೊಟ್ಟರೆ ಪ್ಲಾಸ್ಟಿಕ್ ಹೂವಾಗುತ್ತದೆ, ತಿಳಿ ಹಸಿರು ಕೊಟ್ಟರೆ ಪರವಾಗಿಲ್ಲ ಅನ್ನಿಸುತ್ತಿದೆ.

ಈಗ ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ (ಬಣ್ಣದ ನುಣ್ಣನೆಯ ಪುಡಿ ಬೆರೆತ) ಶಾಯಿಯ ಎ4 ಪ್ರತಿಗೆ, ಕೊರಿಯರ್ ಸೇರಿ, ನನಗೆ 400 ರೂಪಾಯಿಯ ಸುತ್ತಮುತ್ತ ಬೀಳುತ್ತದೆ. ಚೌಕಟ್ಟಿಲ್ಲದೆ 900ಕ್ಕೆ ಕೊಡುತ್ತೇನೆ. ಟ್ಯಾಬ್‌ನ ದುಡ್ಡು ಹುಟ್ಟಿದೆ. ಕಾಗದ ಅಥವಾ ಯಂತ್ರ ಬದಲಾದರೆ ಬಣ್ಣದ ಪಟ್ಟಿಯನ್ನು ಮತ್ತೆ ಮುದ್ರಿಸಲೇಬೇಕು. ಆ ಒಂದು ಹಾಳೆಯ ಖರ್ಚನ್ನು ಉಳಿಸಲು ಹೋಗಬೇಡಿ.