ಈಮ್ಯಾಕ್ಸ್‌ನಲ್ಲಿ ಹಿನ್ನೆಲೆ ಪ್ರೊಸೆಸ್‌ನೊಡನೆ ಮಾತುಕತೆ: ನನ್ನ ಅನುಭವ

ಬರೆಯುತ್ತಿರುವ ಕೋಡನ್ನು ಹಿನ್ನೆಲೆಯಲ್ಲಿ ಪರಿಶೀಲಿಸಿ, ತಪ್ಪಿರುವ ಕಡೆ ಗೆರೆ ಎಳೆದು ತೋರಿಸುವ ಒಂದು ವಿಸ್ತರಣೆಯನ್ನು ನಾನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕಕ್ಕಾಗಿ ಬರೆದೆ. ಪರಿಶೀಲನೆಯನ್ನು ಹಿನ್ನೆಲೆಯಲ್ಲಿ ಓಡುವ ಬೇರೊಂದು ಪ್ರೋಗ್ರಾಂ ಮಾಡುತ್ತದೆ; ಅದನ್ನೇ ಇಲ್ಲಿ ಪ್ರೊಸೆಸ್ ಎನ್ನುತ್ತೇನೆ. ನನ್ನ ಕೋಡ್ ಅದಕ್ಕೆ ಪ್ರಶ್ನೆ ಕಳುಹಿಸಿ, ಉತ್ತರ ಬಂದಾಗ ಓದಿಕೊಳ್ಳಬೇಕು. ಮೊದಲ ರೂಪ ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ಅದನ್ನು ನಂಬಿ ಬಳಸುವಂತಾಗಲು ತಿಂಗಳುಗಳೇ ಹಿಡಿದವು.

ಪ್ರೊಸೆಸ್‌ನಿಂದ ಬಂದ ಪಠ್ಯವನ್ನು ಈಮ್ಯಾಕ್ಸ್ ನಮ್ಮ ಫಿಲ್ಟರ್ ಫಂಕ್ಷನ್‌ಗೆ ಕೊಡುತ್ತದೆ, ಆದರೆ ಬಂದ ತಕ್ಷಣವಲ್ಲ. ಕೀಲಿಯೊತ್ತುವಿಕೆಗಾಗಿಯೋ, ಸಮಯ ಕಳೆಯುವುದಕ್ಕಾಗಿಯೋ, ಮತ್ತೊಂದು ಪ್ರೊಸೆಸ್‌ನ ಉತ್ತರಕ್ಕಾಗಿಯೋ ಸಂಪಾದಕ ಕಾಯುತ್ತಿರುವಾಗ ಮಾತ್ರ ಫಿಲ್ಟರ್ ನಡೆಯುತ್ತದೆ. ಹೀಗಾಗಿ ನನ್ನ ಕೋಡಿನ ಎರಡು ಸಾಲುಗಳ ನಡುವೆ ಅದು ಇದ್ದಕ್ಕಿದ್ದಂತೆ ನುಗ್ಗುವುದಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಕಾಯುವ ಜಾಗಗಳು ಎಲ್ಲೆಲ್ಲಿ ಅಡಗಿವೆ ಎಂಬುದನ್ನು ಮಾತ್ರ ಸರಿಯಾಗಿ ತಿಳಿದುಕೊಂಡಿರಲಿಲ್ಲ.

ಅಂಥ ಒಂದು ಜಾಗ ಪ್ರೊಸೆಸ್‌ಗೆ ಪಠ್ಯ ಕಳುಹಿಸುವ ಫಂಕ್ಷನ್‌ನ ಒಳಗೇ ಇದೆ. ಎದುರಿನ ಪ್ರೋಗ್ರಾಂ ಓದುವುದು ನಿಧಾನವಾಗಿ ಪೈಪ್ (ಎರಡು ಪ್ರೋಗ್ರಾಂಗಳ ನಡುವೆ ಪಠ್ಯ ಸಾಗುವ ದಾರಿ) ತುಂಬಿಕೊಂಡರೆ, ಈಮ್ಯಾಕ್ಸ್ ಸ್ವಲ್ಪ ಹೊತ್ತು ಕಾದು ಮತ್ತೆ ಪ್ರಯತ್ನಿಸುತ್ತದೆ. ಆ ಕಾಯುವಿಕೆಯಲ್ಲಿ ಬಂದ ಉತ್ತರಗಳನ್ನೂ ಸ್ವೀಕರಿಸುತ್ತದೆ, ಅಂದರೆ ಫಿಲ್ಟರ್ ಓಡುತ್ತದೆ. ಯಾವ ಉತ್ತರ ಯಾವ ಪ್ರಶ್ನೆಯದೆಂದು ಗುರುತಿಸಲು ಪ್ರತಿ ಪ್ರಶ್ನೆಗೂ ಒಂದು ಕ್ರಮಸಂಖ್ಯೆ ಇರುತ್ತದೆ. ನಾನು ಪ್ರಶ್ನೆಯನ್ನು ಕಳುಹಿಸಿದ ನಂತರ ಆ ಸಂಖ್ಯೆಯನ್ನು ಒಂದರಿಂದ ಹೆಚ್ಚಿಸುತ್ತಿದ್ದೆ. ಸಣ್ಣ ಕಡತಗಳಲ್ಲಿ ಇದರಿಂದ ಏನೂ ಆಗಲಿಲ್ಲ. ದೊಡ್ಡ ಕಡತವೊಂದನ್ನು ಕಳುಹಿಸುವಾಗ ನಡುವೆ ಹಳೆಯ ಪ್ರಶ್ನೆಯ ಉತ್ತರ ಬಂದು, ಅದನ್ನು ನಿಭಾಯಿಸಿದ ಕೋಡ್ ಹೊಸ ಪ್ರಶ್ನೆಯನ್ನು ಅದೇ ಸಂಖ್ಯೆಯಲ್ಲಿ ಕಳುಹಿಸಿತು. ಒಂದರ ಉತ್ತರ ಇನ್ನೊಂದರ ಕೈಗೆ ಹೋಯಿತು. ಈ ದೋಷ ಯಾವಾಗಲೋ ಒಮ್ಮೆ ಮಾತ್ರ ಕಾಣಿಸಿಕೊಳ್ಳುತ್ತಿದ್ದುದರಿಂದ ಹಿಡಿಯುವುದು ಬಹಳ ಕಷ್ಟವಾಯಿತು. ಈಗ ಸಂಖ್ಯೆಯನ್ನು ಹೆಚ್ಚಿಸುವುದು, ಕಾಯುತ್ತಿರುವ ಪ್ರಶ್ನೆಗಳ ಪಟ್ಟಿಗೆ ಸೇರಿಸುವುದು ಎರಡೂ ಮೊದಲು. ಕಳುಹಿಸುವುದು ಕೊನೆಯ ಸಾಲು. ಫಿಲ್ಟರ್ ಕೂಡ ಬಂದ ಸಂದೇಶವನ್ನು ಸರದಿಯಲ್ಲಿ ಇಟ್ಟು ಹಿಂತಿರುಗುತ್ತದೆ, ನಿಜವಾದ ಕೆಲಸವನ್ನು ಸೊನ್ನೆ ಸೆಕೆಂಡಿನ ಟೈಮರ್ ಕೈಗೆತ್ತಿಕೊಳ್ಳುತ್ತದೆ.

ಇನ್ನೊಂದು ಪೆಟ್ಟು ಬಿದ್ದದ್ದು ಸಂದೇಶದ ಉದ್ದದ ವಿಷಯದಲ್ಲಿ. ಫಿಲ್ಟರ್‌ಗೆ ಬರುವ ತುಣುಕು ಒಂದು ಪೂರ್ಣ ಸಂದೇಶವೇ ಆಗಿರುತ್ತದೆಂಬ ಭರವಸೆಯಿಲ್ಲ: ಅದು ಅರ್ಧವಿರಬಹುದು, ಎರಡೂವರೆಯೂ ಇರಬಹುದು. ಆದ್ದರಿಂದ ತುಣುಕುಗಳನ್ನು ಕೂಡಿಸುತ್ತಾ, ಪ್ರತಿ ಸಂದೇಶದ ಮೊದಲಲ್ಲಿ ಬರುವ ಶೀರ್ಷಿಕೆಯಲ್ಲಿ ಹೇಳಿದಷ್ಟು ಉದ್ದ ಸಿಕ್ಕಾಗ ಕತ್ತರಿಸುತ್ತಿದ್ದೆ. ಆ ಉದ್ದವನ್ನು ಶಿಷ್ಟಾಚಾರ (ಸಂದೇಶಗಳ ರೂಪದ ಬಗೆಗಿನ ಒಪ್ಪಂದ, ಪ್ರೊಟೊಕಾಲ್) ಬೈಟ್‌ಗಳಲ್ಲಿ ಹೇಳುತ್ತಿತ್ತು, ನಾನು ಅಕ್ಷರ ಎಣಿಸುತ್ತಿದ್ದೆ. ಇಂಗ್ಲಿಷ್ ಪಠ್ಯದಲ್ಲಿ ಎರಡೂ ಒಂದೇ. ಕೋಡಿನ ಟಿಪ್ಪಣಿಯೊಂದರಲ್ಲಿ ‘ಕನ್ನಡ’ ಎಂಬ ಪದ ಬಂದ ದಿನ ಎಲ್ಲವೂ ನಿಂತುಹೋಯಿತು: ಈಮ್ಯಾಕ್ಸ್ ಎಣಿಕೆಯಲ್ಲಿ ಅದು 5 (ಕ, ನ, ಹಲಂತ ಚಿಹ್ನೆ, ನ, ಡ), ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 15 ಬೈಟ್. ಕೊರತೆಯ 10ಕ್ಕಾಗಿ ನನ್ನ ಕೋಡ್ ಕಾಯುತ್ತಲೇ ಇತ್ತು. ಮುಂದಿನ ಸಂದೇಶ ಬಂದಾಗ ಅದರ ತಲೆಯನ್ನೇ ನುಂಗಿತು. ಪ್ರೊಸೆಸ್‌ನ ಅಕ್ಷರ ಕೋಡಿಂಗನ್ನು ಬೈನರಿ (ಅಂದರೆ ಬೈಟ್‌ಗಳನ್ನು ಹಾಗೆಯೇ ಕೊಡು) ಎಂದು ಇಟ್ಟು, ಬೈಟ್‌ಗಳಲ್ಲೇ ಕತ್ತರಿಸಿ, ಪೂರ್ಣ ಸಂದೇಶ ಸಿಕ್ಕ ಮೇಲಷ್ಟೇ ಅಕ್ಷರಗಳಾಗಿ ಪರಿವರ್ತಿಸಿದಾಗ ತೊಂದರೆ ನೀಗಿತು.

ಉತ್ತರ ಸರಿಯಾಗಿ ಬಂದರೂ ಅದನ್ನು ಬಳಸಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಕೇಳಿದವನು ಅಷ್ಟರಲ್ಲಿ ಬೇರೆ ಬಫರ್‌ಗೆ (ಈಮ್ಯಾಕ್ಸ್‌ನಲ್ಲಿ ಪಠ್ಯ ತೆರೆದಿರುವ ಜಾಗಕ್ಕೆ) ಹೋಗಿರಬಹುದು, ಮೊದಲಿನ ಬಫರನ್ನು ಮುಚ್ಚಿರಬಹುದು, ಅಥವಾ ಅದರ ಮೇಲ್ಭಾಗದಲ್ಲಿ ಹತ್ತು ಸಾಲು ಸೇರಿಸಿರಬಹುದು. ಆ ಮೂರನೆಯದೇ ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅಲ್ಲಿ ಯಾವ ದೋಷಸೂಚನೆಯೂ ಬರುವುದಿಲ್ಲ, ಗೆರೆ ತಪ್ಪು ಸಾಲಿನ ಕೆಳಗೆ ಬೀಳುತ್ತದೆ ಅಷ್ಟೇ. ಈಗ ಪ್ರತಿ ಪ್ರಶ್ನೆಯ ಜೊತೆಗೆ ಬಫರನ್ನೂ ಆ ಕ್ಷಣದ ಅಕ್ಷರ ಬದಲಾವಣೆಯ ಎಣಿಕೆಯನ್ನೂ (ಪಠ್ಯ ಬದಲಾದಂತೆ ಈಮ್ಯಾಕ್ಸ್ ಏರಿಸುವ ಸಂಖ್ಯೆ) ಇಟ್ಟುಕೊಳ್ಳುತ್ತೇನೆ. ಉತ್ತರ ಬಂದಾಗ ಬಫರ್ ಜೀವಂತವಿದೆಯೇ, ಎಣಿಕೆ ಹಾಗೆಯೇ ಇದೆಯೇ ಎಂದು ನೋಡಿ, ಇಲ್ಲವಾದರೆ ಉತ್ತರವನ್ನು ಕೈಬಿಟ್ಟು ಹೊಸದಾಗಿ ಕೇಳುತ್ತೇನೆ. ಹಳೆಯ ಉತ್ತರವನ್ನು ಹೊಂದಿಸಿ ಉಳಿಸಿಕೊಳ್ಳುವ ಪ್ರಯತ್ನವನ್ನೂ ಮಾಡಿದ್ದೆ; ಅದು ಕೊಟ್ಟ ಲಾಭಕ್ಕಿಂತ ತಂದ ಗೊಂದಲವೇ ಹೆಚ್ಚು.

ಪ್ರೋಗ್ರಾಂ ತನ್ನ ಎಚ್ಚರಿಕೆ, ದೋಷಗಳನ್ನು ಬರೆಯುವ ದೋಷವಾಹಿನಿಯನ್ನು (stderr) ಬೇರ್ಪಡಿಸುವುದನ್ನು ಮರೆಯಬಾರದು. ಪ್ರೊಸೆಸ್ ಆರಂಭಿಸುವಾಗ ಅದಕ್ಕೆ ಬೇರೆ ಜಾಗ ತೋರಿಸದಿದ್ದರೆ ಎಚ್ಚರಿಕೆಯ ಸಾಲುಗಳು ಉತ್ತರದೊಳಗೇ ಬೆರೆತು ಬರುತ್ತವೆ.

ಪರೀಕ್ಷೆಗಾಗಿ ನಾನು ನಿಜವಾದ ಪ್ರೋಗ್ರಾಂ ಬಳಸುವುದನ್ನು ಬಿಟ್ಟೆ. ದಾಖಲಿಸಿಟ್ಟ ಒಂದು ಸಂಭಾಷಣೆಯನ್ನು ಒಂದೊಂದೇ ಬೈಟ್ ಆಗಿ ಫಿಲ್ಟರ್‌ಗೆ ಕೊಡುತ್ತೇನೆ, ಆಮೇಲೆ ಎಲ್ಲವನ್ನೂ ಒಂದೇ ತುಣುಕಾಗಿ ಕೊಡುತ್ತೇನೆ, ಎರಡು ಸಲವೂ ಹೊರಬಂದ ಸಂದೇಶಗಳು ಒಂದೇ ಆಗಿರಬೇಕು. ಮೂರನೆಯ ಸಲ, ನಡುವೆ ಬಫರನ್ನು ಮುಚ್ಚುತ್ತೇನೆ. ಶೀರ್ಷಿಕೆಯ ಸಾಲು ಮುರಿದು ಎರಡು ತುಣುಕುಗಳಲ್ಲಿ ಬಂದರೆ ಉದ್ದವನ್ನು ತಪ್ಪಾಗಿ ಓದುವ ದೋಷವೊಂದು ಆ ಒಂದೊಂದೇ ಬೈಟ್‌ನ ಪರೀಕ್ಷೆಯಲ್ಲೇ ಮೊದಲ ದಿನ ಸಿಕ್ಕಿತು.