ಜಂಬಿಟ್ಟಿಗೆ ಗುಡ್ಡದ ನೇರಳೆ ಹೂವಿಗೆ ಹೆಸರು ಹುಡುಕಿದ್ದು

ಗೋಕರ್ಣದಿಂದ ಕುಡ್ಲೆ ಕಡಲತೀರಕ್ಕೆ ಗುಡ್ಡದ ಮೇಲಿಂದ ನಡೆದು ಹೋದವರಿಗೆ ಆ ಜಂಬಿಟ್ಟಿಗೆ ಕಲ್ಲಿನ ಬಯಲು ಗೊತ್ತಿರುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ಬರಿಗಾಲು ಇಡಲಿಕ್ಕಾಗುವುದಿಲ್ಲ, ಹುಲ್ಲೆಲ್ಲ ಸುಟ್ಟ ಹಾಗಿರುತ್ತದೆ. ಮಳೆಗಾಲದ ಕೊನೆಗೆ ಅದೇ ಕಲ್ಲಿನ ಸಂದಿಯಲ್ಲಿ ಎರಡು ಬೆರಳು ಮಣ್ಣು ನಿಂತಲ್ಲೆಲ್ಲ ತಿಳಿ ನೇರಳೆ ಹೂವು. ಗಿಡ ಗೇಣುದ್ದವೂ ಇಲ್ಲ.

ಮೊದಲ ವರ್ಷ ನಾನು ಅದನ್ನು ಕನ್ನೆಸೊಪ್ಪು ಅಂದುಕೊಂಡೆ. ಮಣ್ಣು ಕಡಿಮೆ, ಅದಕ್ಕೇ ಕುಳ್ಳಗಾಗಿದೆ ಅಂತ ಲೆಕ್ಕ. ನಾಲ್ಕು ಹೂ ಕಿತ್ತು ಪುಸ್ತಕದಲ್ಲಿಟ್ಟು ಮನೆಗೆ ತಂದೆ. ಸಂಜೆ ತೆಗೆದು ನೋಡಿದರೆ ಎಸಳೇ ಇಲ್ಲ, ಕಾಗದದ ಮೇಲೆ ಒದ್ದೆ ಕಲೆ ಮಾತ್ರ. ಕನ್ನೆಸೊಪ್ಪಿನ ಕುಟುಂಬದ ಹೂಗಳೇ ಹಾಗೆ, ಅರಳಿದ ದಿನವೇ ಕರಗಿ ಹೋಗುತ್ತವೆ. ಫೋಟೋ ಹಾಕಿದರೆ ಮೊಬೈಲ್ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳಿತು.

ಮರುವರ್ಷ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಭೂತಗನ್ನಡಿ ತಗೊಂಡು ಹೋದೆ, ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ ಕೂತೆ, ಅಲ್ಲೇ ನೋಡಿ ಅಲ್ಲೇ ಬರೆದುಕೊಂಡೆ. ಕನ್ನೆಸೊಪ್ಪಿನ ಹೂವು ಮಡಚಿದ ದೋಣಿಯಂಥ ಎಲೆಯೊಳಗಿಂದ ಇಣುಕುತ್ತದೆ ಅಲ್ವಾ, ಎಸಳಲ್ಲಿ ಎರಡು ದೊಡ್ಡದು, ಒಂದು ಸಣ್ಣದು. ಇಲ್ಲಿ ದೋಣಿಯೂ ಇಲ್ಲ, ಮೂರು ಎಸಳೂ ಹೆಚ್ಚುಕಡಿಮೆ ಸಮ. ಹಾಗಾದರೆ ಅದೇ ಕುಟುಂಬದ ಇನ್ನೊಂದು ಕುಲ ಸಯನೋಟಿಸ್ ಇರಬಹುದಾ? ಅದರ ಎಸಳುಗಳು ನಡುವೆ ಕೂಡಿಕೊಂಡು ಕೊಳವೆಯಾಗಿರುತ್ತವೆ, ಆರು ಕೇಸರಗಳಲ್ಲೂ ಪರಾಗ ಇರುತ್ತದೆ. ಇದರ ಎಸಳು ಬಿಡಿಬಿಡಿ. ಕೇಸರ ಎಣಿಸಿದೆ. ಪರಾಗ ಇದ್ದದ್ದು ಮೂರರಲ್ಲಿ ಮಾತ್ರ, ಉಳಿದ ಮೂರರ ತುದಿ ಮೂರು ಹೋಳಾಗಿ ಬರಿದಾಗಿತ್ತು. ಒಂದೇ ಹೂ ನೋಡಿ ನಂಬಬಾರದು ಅಂತ ಏಳೆಂಟು ಹೂ ನೋಡಿದೆ. ಎಲ್ಲದರಲ್ಲೂ ಅದೇ. ಅಲ್ಲಿಗೆ ಅದು ಇದೇ ಕುಟುಂಬದ ಮುರ್ಡಾನಿಯ ಕುಲದ್ದು ಅನ್ನುವುದು ಖಾತ್ರಿಯಾಯಿತು.

ಜಾತಿ ಗೊತ್ತಾದದ್ದು ಎಲೆಯಿಂದ. ಒಂದೇ ಒಂದು ಗಿಡ ಕಿತ್ತೆ, ಅದು ಅಲ್ಲಿ ಸಾವಿರಗಟ್ಟಲೆ ಇತ್ತು. ಬೇರು ಕೂದಲಿನಂತೆ, ಗಡ್ಡೆ ಇಲ್ಲ, ಅಂದರೆ ಒಂದೇ ವರ್ಷದ ಗಿಡ. ಎಲೆ ಹುಲ್ಲಿಗಿಂತ ಸಪೂರ, ಅಡ್ಡ ಕೊಯ್ದು ನೋಡಿದರೆ ಅರ್ಧ ದುಂಡಗೆ. ಈ ಕುಲದಲ್ಲಿ ಸೆಮಿಟೆರೆಸ್ ಅನ್ನುವ ಜಾತಿ ಇದೆ, ಆ ಲ್ಯಾಟಿನ್ ಹೆಸರಿಗೆ ಅರೆದುಂಡು ಅಂತಲೇ ಅರ್ಥ. ಕೊಂಕಣದಿಂದ ನಮ್ಮ ಕರಾವಳಿಯವರೆಗಿನ ಜಂಬಿಟ್ಟಿಗೆ ಬಯಲುಗಳಲ್ಲಿ ಜಾಸ್ತಿ ಸಿಗುವ ಮುರ್ಡಾನಿಯ ಸೆಮಿಟೆರೆಸ್ ಇದೇ.

ಹೆಸರು ಸಿಕ್ಕಿದ ಮೇಲೆ ಅದರ ಹಿಂದೆ ಹೋದೆ. ಉತ್ತರ ಪ್ರದೇಶದ ಸಹಾರನ್‌ಪುರದ ಸಸ್ಯೋದ್ಯಾನದಲ್ಲಿ ಗಿಡ ಸಂಗ್ರಹಿಸಿ ಒಣ ಮಾದರಿಗಳನ್ನು ನೋಡಿಕೊಳ್ಳುತ್ತಿದ್ದ ಮುರ್ದಾನ್ ಅಲಿ ಎಂಬವರ ಹೆಸರನ್ನು ಬ್ರಿಟಿಷ್ ಸಸ್ಯವಿಜ್ಞಾನಿ ರಾಯ್ಲ್ ಈ ಕುಲಕ್ಕೆ ಇಟ್ಟರು. ನಮ್ಮ ದೇಶದ ಒಬ್ಬ ಕೆಲಸಗಾರನ ಹೆಸರು ನಮ್ಮೂರ ಗುಡ್ಡದ ಹೂವಿನಲ್ಲಿ ಇದೆ ಅಂತ ತಿಳಿದಾಗ ನನಗೆ ತುಂಬ ಖುಷಿಯಾಯಿತು.

ನವೆಂಬರ್‌ನಲ್ಲಿ ಮತ್ತೆ ಹೋದೆ. ಗಿಡ ಒಣಗಿ ಕಡ್ಡಿಯಾಗಿತ್ತು, ಕಾಯಿ ಮೂರು ಹೋಳಾಗಿ ಬಿರಿದು ಬೀಜ ಆಗಲೇ ಕಲ್ಲಿನ ಸಂದಿಗೆ ಬಿದ್ದಿತ್ತು.